ಹತ್ತಕ್ಕೆ ಒಂಬತ್ತು

ದಿನವೂ ಸಂಜೆ ನಾಲ್ಕೂವರೆಗೆ ವಿಜಯಾ ಮಗಳ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. "ನಿಸರ್ಗ, ಗಂಟೆ ನಾಲ್ಕೂವರೆ" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಬರುತ್ತಾರೆ. ಆಫೀಸಿನ ಮೀಟಿಂಗ್ ನಡೆಯುತ್ತಿದ್ದರೂ ಎದ್ದು ಬರುತ್ತಾರೆ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಎರಡನೆಯ ಮಾತನ್ನು ನುಂಗಿಕೊಳ್ಳುವುದನ್ನು ಕಲಿಯಲು ಅವರಿಗೆ ತಿಂಗಳುಗಳೇ ಬೇಕಾದವು.

ಅಮೆರಿಕದ ನ್ಯೂಕ್ಯಾಸಲ್‌ನ ಆ ಮನೆಯಲ್ಲಿ ಹದಿನಾರು ವರ್ಷದ ನಿಸರ್ಗ ಕಳೆದ ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಸ್ನಾನ ಬೇಡ, ಊಟ ಬೇಡ, ಗೆಳತಿಯರ ಫೋನ್ ಬೇಡ. ಡಾಕ್ಟರು ಡಿಪ್ರೆಶನ್ ಎಂದರು. ಪಕ್ಕದ ಊರು ಇಸ್ಸಾಕ್ವಾದ ಥೆರಪಿಸ್ಟ್ ಎಲಿಜಬೆತ್ ಒಂದು ಹಾಳೆ ಕೊಟ್ಟರು. ಮನಸ್ಸು ಸರಿಹೋಗಲಿ ಎಂದು ಕಾಯುತ್ತ ಮಲಗಬಾರದು. ಅವಳೇ ಆರಿಸಿಕೊಂಡ ಒಂದು ಸಣ್ಣ ಕೆಲಸವನ್ನು ಗೊತ್ತುಮಾಡಿದ ಹೊತ್ತಿಗೆ ಮಾಡಬೇಕು. ಆಮೇಲೆ ಮನಸ್ಸು ಹೇಗಿತ್ತೆಂದು ಸೊನ್ನೆಯಿಂದ ಹತ್ತರೊಳಗೆ ಬರೆಯಬೇಕು. ನಿಸರ್ಗ ಆರಿಸಿದ್ದು ಹಿತ್ತಲ ಬೇಲಿಗೆ ಹಬ್ಬಿದ್ದ ಬ್ಲ್ಯಾಕ್‌ಬೆರಿ ಮುಳ್ಳುಬಳ್ಳಿ ಕತ್ತರಿಸುವುದನ್ನು. ದಿನಕ್ಕೆ ಹದಿನೈದು ನಿಮಿಷ.

ಹಾಳೆಯನ್ನು ತಂದು ಫ್ರಿಜ್ ಮೇಲೆ ಅಂಟಿಸಿದ್ದು ಅಪ್ಪ ಗುರುಪ್ರಸಾದ್. ಅಲ್ಲೇ ಕೆಟ್ಟಿತು. ಎರಡೇ ದಿನಕ್ಕೆ ಮುಳ್ಳುಬಳ್ಳಿಯ ಕೆಳಗೆ ಅವರ ಕೈಬರಹದಲ್ಲಿ ಗಣಿತ ಒಂದು ಗಂಟೆ, ವಯಲಿನ್ ಅರ್ಧ ಗಂಟೆ ಸೇರಿದವು. ಕಾಫಿ ಲೋಟ ಹಿಡಿದು ಬೆಳಿಗ್ಗೆ ಅದರ ಮುಂದೆ ನಿಲ್ಲುತ್ತಿದ್ದರು.

"ಏನ್ ಪುಟ್ಟಿ, ಬರೀ ಮೂರಾ? ಮೊನ್ನೆ ನಾಲ್ಕಿತ್ತಲ್ಲ!"

"ನಾಳೆ ಐದು ಬರತ್ತೆ ಬಿಡಿ" ಎಂದಿದ್ದರು ವಿಜಯಾ. ಆಮೇಲೊಮ್ಮೆ ಅದನ್ನು ಗೆಳತಿಯಾದ ನನಗೆ ಹೇಳುವಾಗ ಅವರಿಗೆ ತಮ್ಮಿಬ್ಬರ ಮೇಲೂ ಸಿಟ್ಟಿತ್ತು. ಶಾಲೆಯಲ್ಲಿ ಮೊದಲ ಬೆಂಚು ಬಿಟ್ಟೇಳದ ಗಂಡ ಹೆಂಡತಿಗೆ ಹತ್ತಕ್ಕೆ ಇಷ್ಟು ಎಂದರೆ ಮಾರ್ಕ್ಸ್ ಎಂದೇ ಕಂಡಿತು. ಹುಡುಗಿಗೂ ಅದು ಅರ್ಥವಾಯಿತು. ಆರು, ಏಳು, ಆಮೇಲೆ ದಿನವೂ ಒಂಬತ್ತು. ಅಪ್ಪ ಊರಿಗೆಲ್ಲ ಫೋನ್ ಮಾಡಿ ಮಗಳು ಗುಣವಾದಳೆಂದರು.

ಒಂದು ಮಂಗಳವಾರ ಹಾಲು ತೆಗೆಯಲು ಹೋದ ವಿಜಯಾ ಹಾಳೆಯನ್ನು ಸರಿಯಾಗಿ ನೋಡಿದರು. ನಾಳೆ ಬುಧವಾರ, ಅದಕ್ಕಾಗಲೇ ಒಂಬತ್ತು. ಗುರುವಾರ ಒಂಬತ್ತು. ಇನ್ನೂ ಬಾರದ ಭಾನುವಾರಕ್ಕೂ ಒಂಬತ್ತು. ಹಿತ್ತಲಿಗೆ ಓಡಿದರು. ಬಳ್ಳಿ ಬೇಲಿ ದಾಟಿ ಬೆಳೆದಿತ್ತು. ಕತ್ತರಿ ಮಳೆಯಲ್ಲಿ ಬಿದ್ದು ತುಕ್ಕು ಹಿಡಿದಿತ್ತು. ಮಗಳು ಗೋಡೆಯತ್ತ ತಿರುಗಿ ಮಲಗಿದ್ದಳು. ಮೂರು ವಾರ ಆ ಮಗು ಒಳಗೊಳಗೇ ಮುಳುಗುತ್ತಿತ್ತು, ಇವರು ಚಪ್ಪಾಳೆ ತಟ್ಟುತ್ತಿದ್ದರು.

ಗುರುಪ್ರಸಾದ್ ಮನೆಗೆ ಬಂದಾಗ ಹಾಳೆ ಚೂರುಚೂರಾಗಿ ನೆಲದ ಮೇಲಿತ್ತು.

"ಥೆರಪಿ ಹಾಳೆ ಹರಿದಿದೀಯಲ್ಲೇ, ಬುದ್ಧಿ ಇದೆಯಾ?"

"ರೇಟಿಂಗ್ ಎಲ್ಲಾ ನಿಮ್ಮ ಆಫೀಸಲ್ಲಿ ಕೊಟ್ಕೊಳ್ರೀ. ನನ್ನ ಮಗಳು ನಿಮಗೆ ರಿಪೋರ್ಟ್ ಮಾಡೋಕೆ ಹುಟ್ಟಿಲ್ಲ."

"ನಾನೇನು ಅವಳ ಕೆಟ್ಟದ್ದಕ್ಕೆ ಹೇಳಿದ್ನಾ?"

"ಇಬ್ಬರೂ ಸೇರೇ ಹಾಳು ಮಾಡಿದ್ದು. ಇನ್ಮೇಲೆ ಅದನ್ನ ನೀವೂ ನೋಡಲ್ಲ, ನಾನೂ ನೋಡಲ್ಲ."

ಹೊಸ ಹಾಳೆ ನಿಸರ್ಗಳ ಕೋಣೆ ಸೇರಿತು. ಎಲಿಜಬೆತ್ ಒಬ್ಬರೇ ಅದನ್ನು ನೋಡುವವರು. ವಿಜಯಾ ನಾಲ್ಕೂವರೆಗೆ ತಟ್ಟತೊಡಗಿದರು; ಮೊದಲ ವಾರ ಬಾಗಿಲು ತೆರೆಯಲಿಲ್ಲ. ಎರಡನೇ ವಾರ ಒಂದು ಸಂಜೆ ಹಿತ್ತಲಲ್ಲಿ ಕತ್ತರಿಯ ಸದ್ದಾಯಿತು. ವಿಜಯಾ ಇಣುಕಬಾರದೆಂದು ಕಿಟಕಿಯ ಪರದೆ ಎಳೆದು, ದೇವರ ಮುಂದೆ ಹೋಗಿ ಕೂತರು. ಈಗ ಮಗಳು ವಾರಕ್ಕೆ ನಾಲ್ಕು ದಿನ ಹೊರಗೆ ಹೋಗುತ್ತಾಳೆ, ಉಳಿದ ದಿನ ಇಲ್ಲ. ತಾಯಿಯ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನೂ ಪ್ರಾರ್ಥಿಸಿಲ್ಲ.

ಕಳೆದ ಶನಿವಾರ ವಸಂತಲಕ್ಷ್ಮಿ ಬಂದರು. ಹೈಸ್ಕೂಲ್ ಮಕ್ಕಳಿಂದ ಸಮಾಜಸೇವೆ ಮಾಡಿಸಿ ಸರ್ಟಿಫಿಕೇಟ್ ಕೊಡುವ ಸಂಘವೊಂದನ್ನು ನಡೆಸುವವರು ಅವರು. ಹಿತ್ತಲು ನೋಡಿ ಅರಳಿಹೋದರು.

"ಎಷ್ಟ್ ಚೆನ್ನಾಗಿ ಕ್ಲೀನ್ ಮಾಡಿದಾಳೆ ವಿಜಿ! ಪಾರ್ಕಲ್ಲಿ ನೂರು ಗಂಟೆ ಸೇವೆ ಮಾಡಿದಾಳೆ ಅಂತ ಸರ್ಟಿಫಿಕೇಟ್ ಬರ್ಕೊಡ್ತೀನಿ. ಕಾಲೇಜ್ ಅಪ್ಲಿಕೇಶನ್‌ಗೆ ಆಗತ್ತೆ. ಈ ವರ್ಷದ್ದು ಖಾಲಿ ಕಾಣತ್ತಲ್ಲ, ಪಾಪ."

"ಬೇಡ ಅಕ್ಕ."

"ಅಯ್ಯೋ, ನಮ್ಮ ಹುಡುಗೀಗಲ್ವೇನೇ? ಯಾರು ಬಂದು ಎಣಿಸ್ತಾರೆ?"

"ನಾವೇ ಎಣಿಸ್ತೀವಿ ಅಕ್ಕ, ನಮ್ಮ ರೋಗ ಅದೇ. ಖಾಲಿ ಇರೋದು ಖಾಲೀನೇ ಇರ್ಲಿ. ಒಂದು ಗಂಟೆನೂ ಬರೀಬೇಡಿ."