ಹೊಸ್ತಿಲಿಗೆ ಬಿದ್ದ ನೀಲಿ ಬೆಳಕು

ನಮ್ಮ ಮಾವನವರು ಲಿಫ್ಟ್ ಹತ್ತಿರ ಉಚ್ಚೆ ಹೊಯ್ದಿದ್ದಾರೋ ಇಲ್ಲವೋ ಎಂದು ಪತ್ತೆ ಮಾಡಲು ಕಳೆದ ಶುಕ್ರವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕತ್ತಲು ಮಾಡಲಾಯಿತು. ಹಾಡಹಗಲೇ! ಮೆಟ್ಟಿಲ ಕಿಟಕಿಗೆ ಬೆಡ್‌ಶೀಟ್ ಕಟ್ಟಿ!

ತಮಾಷೆಯಲ್ಲ. ಜೀವನ್ ಬಿಮಾ ನಗರದ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಕೆಲವು ದಿನಗಳಿಂದ ಕೆಟ್ಟ ವಾಸನೆ. ನಮ್ಮ ಮನೆ ಇರುವುದೂ ಅಲ್ಲೇ. ಮನೆಯಲ್ಲಿ ಎಂಬತ್ತು ದಾಟಿದ ಮಾವ. ಅವರಿಗೆ ಪ್ರಾಸ್ಟೇಟ್ ಆಪರೇಷನ್ ಆಗಿರುವುದು ಎಲ್ಲರಿಗೂ ಗೊತ್ತು. (ನಮ್ಮ ಬಿಲ್ಡಿಂಗಿನಲ್ಲಿ ಯಾರ ಹೊಟ್ಟೆಯಲ್ಲಿ ಗ್ಯಾಸ್ ಇದೆ ಎನ್ನುವುದೂ ಎಲ್ಲರಿಗೂ ಗೊತ್ತು.) ಇನ್ನೇನು ಬೇಕು? ವಾಸನೆಗೆ ವಿಳಾಸ ಸಿಕ್ಕಿತು.

ಎದುರಿಗೆ ಯಾರೂ ಹೇಳಲಿಲ್ಲ. "ಸೀನಿಯರ್ಸ್ ದಯವಿಟ್ಟು ಡಯಾಪರ್ ಬಳಸಿ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಬಂತು, ಕೈ ಮುಗಿಯುವ ಎಮೋಜಿ ಸಮೇತ. ಮಾವನ ಫೋನಿಗೂ ಬಂತು. ಅವತ್ತಿನಿಂದ ಸಂಜೆಯ ಪಾರ್ಕು, ಗೆಳೆಯರು, ಬೈ-ಟು ಕಾಫಿ ಎಲ್ಲ ಬಂದ್. "ಮಂಡಿ ನೋವು ಕಣಮ್ಮ" ಎನ್ನುತ್ತಿದ್ದರು. ಮಂಡಿ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಅಸೋಸಿಯೇಷನ್ ಸೆಕ್ರೆಟರಿ ರಾಮಪ್ರಸಾದ್ ಆನ್‌ಲೈನಿನಲ್ಲಿ ಯುವಿ ಟಾರ್ಚ್ ತರಿಸಿಬಿಟ್ಟರು. ಕ್ರೈಮ್ ಸೀರೀಸ್ ನೋಡಿದ ಪರಿಣಾಮ.

"ಇದು ಫೊರೆನ್ಸಿಕ್ ಲೈಟು ಮೇಡಂ. ಬರಿಗಣ್ಣಿಗೆ ಕಾಣದೇ ಇರೋ ಕಲೆ ಎಲ್ಲಾ ಗ್ಲೋ ಆಗತ್ತೆ. ಸೈನ್ಸ್ ಸುಳ್ಳು ಹೇಳಲ್ಲ!"

ನಾನು ರೇಗಿದೆ. ಮಾವ ತಡೆದರು. "ಹಾಕ್ಲಿ ಬಿಡಮ್ಮ. ನೋಡೇಬಿಡೋಣ" ಎಂದು ತಾವೇ ಹೊರಗೆ ಬಂದು ನಿಂತರು. ಅಕ್ಕಪಕ್ಕದವರೂ ಸೇರಿದರು. ಬಿಡುತ್ತಾರೆಯೇ?

ಟಾರ್ಚ್ ಬಿಟ್ಟರು. ನಮ್ಮ ಹೊಸ್ತಿಲು ಹಳದಿ-ಹಸಿರಾಗಿ ಝಗ್ಗೆಂದಿತು!

"ನೋಡಿದ್ರಾ?" ಎಂದರು ರಾಮಪ್ರಸಾದ್.

ಮಾವ ತಲೆ ತಗ್ಗಿಸಿದರು. ನಾನೇ ಮರೆತು ಏನಾದರೂ ಮಾಡಿಬಿಟ್ಟೆನಾ ಎಂಬ ಅನುಮಾನ ಅವರ ಮುಖದಲ್ಲೇ ಕಾಣಿಸಿತು. ನನಗೆ ತಡೆಯಲಾಗಲಿಲ್ಲ. ಫೊರೆನ್ಸಿಕ್ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿ ಶೋಭಾಗೆ ಅಲ್ಲಿಂದಲೇ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಹೊಸ್ತಿಲು ಹೊಳೆದ ಕತೆ ಹೇಳಿದೆ.

"ಇವತ್ತು ಯಾವ ವಾರನೇ?" ಎಂದಳು.

"ಶುಕ್ರವಾರ."

"ಹೊಸ್ತಿಲಿಗೆ ಅರಿಶಿನ ಹಚ್ಚಿದ್ಯಾ?"

"ಹ್ಞೂಂ, ಬೆಳಗ್ಗೆ."

"ಅದೇ ಹೊಳೀತಿರೋದು, ಪೆದ್ದಿ! ಅರಿಶಿನ ಹೊಳೆಯತ್ತೆ, ಹಾಲು ಹೊಳೆಯತ್ತೆ, ಸೋಪಿನ ಪುಡಿ ಹೊಳೆಯತ್ತೆ. ಉಚ್ಚೆ, ಜೊಲ್ಲು ಕೂಡ ಹೊಳೆಯತ್ತೆ. ರಕ್ತ ಹೊಳೆಯೋದೇ ಇಲ್ಲ, ಕಪ್ಪಗೆ ಕಾಣತ್ತೆ. ಲೈಟು ಬರೀ 'ಇಲ್ಲಿ ನೋಡು' ಅನ್ನತ್ತೆ ಅಷ್ಟೇ. ಏನು ಅಂತ ಹೇಳೋಕೆ ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡ್ಬೇಕು. ನಾವೇ ಬರೀ ಲೈಟ್ ನೋಡಿ ರಿಪೋರ್ಟ್ ಬರೆಯಲ್ಲ ಕಣೆ!"

ರಾಮಪ್ರಸಾದ್ ಸೋಲುವ ಪೈಕಿಯೇ? ಎದುರು ಮನೆ ಹೊಸ್ತಿಲಿಗೆ ಬಿಟ್ಟರು. ಅದೂ ಹಳದಿ. ಲಿಫ್ಟ್ ಮುಂದಿನ ನೆಲಕ್ಕೆ ಬಿಟ್ಟರು. ಸೋಪಿನ ನೀರಲ್ಲಿ ಒರೆಸಿದ ಪಟ್ಟೆಗಳೆಲ್ಲ ನೀಲಿ ನೀಲಿ. ಗಡಿಬಿಡಿಯಲ್ಲಿ ಟಾರ್ಚ್ ಅವರ ಕಡೆಗೇ ತಿರುಗಿತು. ಗರಿಗರಿ ಬಿಳಿ ಪಂಚೆ ಟ್ಯೂಬ್‌ಲೈಟ್ ಥರ ಹತ್ತಿಕೊಂಡಿತು.

ಮಾವ ಬಗ್ಗಿ ನೋಡಿದರು. "ಏನ್ರೀ ರಾಮಪ್ರಸಾದ್, ಪೂರ್ತಿ ನೆನೆಸ್ಕೊಂಬಿಟ್ಟಿದ್ದೀರಲ್ಲ! ನಮ್ ಡಾಕ್ಟ್ರ ನಂಬರ್ ಕೊಡ್ಲಾ?"

ಕತ್ತಲಲ್ಲಿ ಇಡೀ ಮಹಡಿ ನಕ್ಕಿತು. ರಾಮಪ್ರಸಾದರೂ ನಕ್ಕರು, ಪಾಪ.

ಮರುದಿನ ಪ್ಲಂಬರ್ ಬಂದ. ಲಿಫ್ಟ್ ಪಕ್ಕದಲ್ಲಿ ಪೈಪುಗಳು ಇಳಿಯುವ ಡಕ್ಟಿನ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡ. ಒಳಗೆ ಡ್ರೈನೇಜ್ ಪೈಪ್ ಬಿರುಕು ಬಿಟ್ಟಿತ್ತು. ಅವತ್ತು ಸಂಜೆ ಮಾವ ಚಪ್ಪಲಿ ಮೆಟ್ಟಿ ಕಾಫಿಗೆ ಹೊರಟರು. ಬೈ-ಟು ಪಾರ್ಟ್‌ನರ್ ಯಾರು ಅಂತೀರಿ? ರಾಮಪ್ರಸಾದ್!

ಅರಿಶಿನ ಹೊಳೆಯಿತು, ಸೋಪು ಹೊಳೆಯಿತು, ಪಂಚೆಯೂ ಹೊಳೆಯಿತು. ಮೊದಲು ಪ್ಲಂಬರನ್ನು ಕರೆಯಬೇಕು ಎಂದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ!