ಮಹಿಳೆ ಅಲ್ರಿ, ಹೆಣ್ಮಕ್ಳು

ವಾಡಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದ ಹೆಂಗಸು ನನ್ನನ್ನು ಆಯಾ ಎಂದುಕೊಂಡಳು. ಮದುವೆಯಾಗಿ ಮಂಗಳೂರಿನಿಂದ ಬಂದು ಮೂರು ದಿನವಾಗಿತ್ತು. ರೈಲ್ವೆ ಕಾಲೊನಿಯ ಕ್ಲಬ್ಬಿನಲ್ಲಿ ಲೇಡೀಸ್ ಟೀ ಎಂದು ಕೇಳಿ, ಇಸ್ತ್ರಿ ಮಾಡಿದ ವಾಯಿಲ್ ಸೀರೆ ಉಟ್ಟು ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಎಂಜಿನ್ ಡ್ರೈವರನ ಹೆಂಡತಿ, ಆಂಗ್ಲೋ ಇಂಡಿಯನ್ ಹೆಂಗಸು ನೋರಾ, ನನ್ನ ಕಪ್ಪು ಕೈಗಳನ್ನು ನೋಡಿ ಮೆಲ್ಲಗೆ, "ಆಯಾಸ್ ಗೋ ರೌಂಡ್ ದ ಬ್ಯಾಕ್, ಡಿಯರ್," ಎಂದಳು. ಆಯಾಗಳಿಗೆ ಹಿಂದಿನ ಬಾಗಿಲು.

ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವಳ ಮುಖ ಕೆಂಪಾಯಿತು, ಕುರ್ಚಿ ಬಂತು, ಕೇಕ್ ಬಂತು. ನನ್ನ ಬಣ್ಣವನ್ನು ನನ್ನ ಗ್ರಾಮರ್ ಕಾಪಾಡಿತು. ಇದರಲ್ಲಿ ಅವಮಾನ ಪಡಬೇಕಾದದ್ದು ಬಹಳ ಇತ್ತು, ಆದರೆ ಆ ದಿನ ನನಗೆ ಹೆಮ್ಮೆಯೇ ಆಯಿತು. ಬ್ರಿಟಿಷರ ಕಾಲದಲ್ಲಿ ಅದೇ ಕ್ಲಬ್ಬಿನ ನಡುವಿನ ಕುರ್ಚಿಗಳು ನೋರಾಳ ತಾಯಿಗೆ ಸಿಗುತ್ತಿರಲಿಲ್ಲವೆಂದು ಅವಳೇ ಆಮೇಲೆ ಹೇಳಿದಳು.

ಗಂಡನಿಗೆ ರೈಲ್ವೆಯಲ್ಲಿ ಕೆಲಸವಿದ್ದರೂ ನಮಗೆ ಕ್ವಾರ್ಟರ್ಸ್ ಸಿಗಲಿಲ್ಲ. ಬಾಡಿಗೆ ಮನೆಯ ಗೋಡೆ, ನೆಲ, ಮಾಡು, ಕಪಾಟಿನ ಹಲಗೆ ಕೂಡ ಕಲ್ಲು. ಇಲ್ಲಿಯವರು ಪರಸಿ ಎನ್ನುವ ಶಹಾಬಾದಿನ ಚಪ್ಪಡಿ. ನಮ್ಮಲ್ಲಿ ಹಂಚಿನ ಸಂದಿಯಿಂದ ಗಾಳಿ ಇಳಿಯುತ್ತಿತ್ತು, ಇಲ್ಲಿ ಮಾಡೇ ಕಾದ ಕಾವಲಿ. ಕುಚ್ಚಲಕ್ಕಿ ಗಂಜಿಯ ಆಸೆಗೆ ಎಷ್ಟೋ ಮಧ್ಯಾಹ್ನ ಅತ್ತಿದ್ದೇನೆ. ರೊಟ್ಟಿ ಬಡಿಯಲು ಹೋದರೆ ಅದು ಭೂಪಟವಾಗುತ್ತಿತ್ತು. ಪಕ್ಕದ ಮನೆಯ ಮುದುಕಿ ನೋಡಿ, "ಹರಕ ರೊಟ್ಟಿನೂ ಹೊಟ್ಟಿಗೇ ಹೋಗ್ತದ ಬಿಡ್ರಿ," ಎಂದು ನಕ್ಕಳು. ಆ "ರಿ" ಒಂದನ್ನು ಕಲಿತ ಮೇಲೆ ಊರು ಸ್ವಲ್ಪ ನನ್ನದಾಯಿತು.

ಎರಡು ವರ್ಷದಲ್ಲಿ ನಾವು ಕ್ಲಬ್ಬಿನ ಹೆಂಗಸರೇ ಸೇರಿ ಒಂದು ಮಹಿಳಾ ಮಂಡಳಿ ಮಾಡಿಕೊಂಡೆವು. ನಾನೇ ಸೆಕ್ರೆಟರಿ. ನನ್ನ ಒಳ್ಳೆಯ ಅಕ್ಷರದಲ್ಲಿ ಬೋರ್ಡ್ ಬರೆದೆ: "ಮಹಿಳೆಯರೆಲ್ಲರಿಗೂ ಸ್ವಾಗತ". ಅಂಗಳದಲ್ಲಿ ಬಣ್ಣ ಒಣಗುತ್ತಿತ್ತು. ಅಡುಗೆಮನೆಯ ನೆಲದಲ್ಲಿ ಅಲುಗುತ್ತಿದ್ದ ಪರಸಿ ಸರಿಮಾಡಲು ತಿಪ್ಪವ್ವ ಬಂದಿದ್ದಳು. ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವವಳು, ಸೊಂಟದಲ್ಲಿ ಕೂಸು.

"ಏನ್ ಬರದೀರಿ ಬಾಯಾರ?"

ಬಾಯಾರು ಎಂದರೆ ಇಲ್ಲಿ ಅಮ್ಮನವರು. ಓದಿ ಹೇಳಿದೆ.

"ಹಂಗಾದ್ರ ನಮಗಲ್ಲ ಬಿಡ್ರಿ. ನಾವೆಲ್ಲಿ ಮಹಿಳೆ? ನಾವು ಹೆಣ್ಮಕ್ಳು."

ನಾನು ಟೀಚರಿನಂತೆ ನಕ್ಕು, ಎರಡರ ಅರ್ಥವೂ ಒಂದೇ ಎಂದು ತಿದ್ದಿದೆ.

"ಖರೇನ?" ಎಂದು ಅವಳು ಉಳಿ ಕೆಳಗಿಟ್ಟಳು. "ಖಣ್ಯಾಗ ಕೂಸು ಮಲಗಸಾಕ ನೆಳ್ಳಿಲ್ರಿ. ಬಿಸಲಾಗ ಕಲ್ಲಿನ ಮ್ಯಾಲ ಹಾಕ್ತೀವಿ. ಹ್ವಾದ ಬ್ಯಾಸಗ್ಯಾಗ ನಮ್ಮಕ್ಕನ ಕೂಸು ಹೋತು. ನಿಮ್ಮ ಮಂಡಳಿ ಖಣಿ ಮಾಲಕಗ ಒಂದು ಕಾಗದ ಬರೀತದೇನು?"

"ಶನಿವಾರ ಕ್ಲಬ್ಬಿನಲ್ಲಿ ಸಭೆ ಇದೆ. ಬಾ, ನೀನೇ ಹೇಳು," ಎಂದೆ. ಆ ಪರಸಿಯ ಉಳಿದ ಕೆಲಸವನ್ನೂ ಶನಿವಾರ ಕಳೆದ ಮೇಲೆ ಮಾಡುವುದೆಂದಾಯಿತು.

ಅವಳು ಬಂದಳು. ತಲೆಗೆ ಎಣ್ಣೆ ಹಚ್ಚಿ, ತೊಳೆದ ಸೀರೆ ಉಟ್ಟು, ಕೂಸನ್ನೂ ಕಟ್ಟಿಕೊಂಡು. ಒಳಗಿದ್ದವರು ಸೆರಗು ಎಳೆದುಕೊಂಡರು. ಸ್ಟೇಷನ್ ಮಾಸ್ತರರ ಹೆಂಡತಿ ನನ್ನ ಕಿವಿಯಲ್ಲಿ, "ಅವರ ಮಂದಿಯನ್ನು ಕುರ್ಚಿ ಮೇಲೆ ಕೂರಿಸುತ್ತೀರಾ?" ಎಂದರು. ನೋರಾ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಎದ್ದು ಬಾಗಿಲಿಗೆ ಹೋದೆ. ಸ್ವಾಗತಿಸಲೆಂದೇ ಎದ್ದಿದ್ದೆ ಎಂದು ಇವತ್ತಿಗೂ ನಂಬಬೇಕೆನಿಸುತ್ತದೆ.

"ತಿಪ್ಪವ್ವ, ಹಿಂದಿನ ಬಾಗಿಲಿಗೆ ಬಾ. ಅಲ್ಲೇ ಮಾತಾಡೋಣ," ಎಂದೆ.

ಅವಳು ಸಿಟ್ಟಾಗಲಿಲ್ಲ. "ಹಿಂದಿನ ಬಾಗಲಾಗ ಯಾರು ಬರ್ತಾರ್ರಿ ಬಾಯಾರ, ಮಹಿಳೆಯೋ ಹೆಣ್ಮಗಳೋ?" ಎಂದು ಕೇಳಿ, ಕೂಸನ್ನು ಮೇಲಕ್ಕೆ ಸರಿಸಿಕೊಂಡು ಹೊರಟುಹೋದಳು.

ಮೂರನೆಯ ದಿನ ಕಾಗದ, ಪೆನ್ನು, ಇಂಕ್ ಪ್ಯಾಡ್ ಹಿಡಿದು ಖಣಿಗೆ ಹೋದೆ. ಎಲ್ಲಿ ಕೂರಲಿ ಎಂದು ನೋಡುತ್ತಿದ್ದಾಗ ತಿಪ್ಪವ್ವ ತಲೆಯೆತ್ತದೆ ಹೇಳಿದಳು: "ಇಲ್ಲಿ ಮುಂದಿನ ಬಾಗಲಾನೂ ಇಲ್ಲ, ಹಿಂದಿನ ಬಾಗಲಾನೂ ಇಲ್ಲ. ಎಲ್ಲ್ಯಾರ ಕುಂದ್ರಿ." ಸುತ್ತಲಿನ ಹೆಂಗಸರು ನಕ್ಕರು. ಕೂತೆ, ಕಲ್ಲು ಸುಟ್ಟಿತು.

"ಮಹಿಳೆಯರಾದ ನಾವು" ಎಂದು ಬರೆದು, ಹೊಡೆದುಹಾಕಿ, "ಖಣಿಯ ಹೆಣ್ಣುಮಕ್ಕಳಾದ ನಾವು" ಎಂದು ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು. ನಾನು ಎಲ್ಲಿ ಸಹಿ ಮಾಡಲಿ ಎಂದು ಕೇಳಿದೆ. "ಕೆಳಗ ಮಾಡ್ರಿ, ಜಾಗಾ ಅದ," ಎಂದಳು ತಿಪ್ಪವ್ವ. ಮಂಡಳಿಯಿಂದ ನನ್ನ ಜೊತೆ ಸಹಿ ಹಾಕಿದವಳು ನೋರಾ ಒಬ್ಬಳೇ. ನನ್ನ ಸೆಕ್ರೆಟರಿ ಕೆಲಸ ಹೋಯಿತು. ಮುಂದಿನ ಬೇಸಗೆಗೆ ಖಣಿಯಲ್ಲಿ ನಾಲ್ಕು ಕಂಬದ ಮೇಲೆ ತಗಡಿನ ಚಪ್ಪರ ಬಂತು.

ಈಗ ಮಂಗಳೂರಿಗೆ ಹೋದರೆ ತಂಗಿಯ ಮಕ್ಕಳು ನನ್ನ "ರಿ" ಕೇಳಿ ನಗುತ್ತಾರೆ. ಇಲ್ಲಿ ನಾನು ಇವತ್ತಿಗೂ ಸಮುದ್ರದ ಕಡಿ ಬಾಯಾರು. ತಿಪ್ಪವ್ವ ಸಂತೆಯಲ್ಲಿ ಸಿಕ್ಕಾಗ ಮಾತಾಡಿಸುತ್ತಾಳೆ, ಮೊಮ್ಮಗಳನ್ನು ತೋರಿಸುತ್ತಾಳೆ, ಮನೆಗೆ ಮಾತ್ರ ಬರುವುದಿಲ್ಲ. ಆ ಬಾಡಿಗೆ ಮನೆಯನ್ನೇ ಆಮೇಲೆ ಕೊಂಡೆವು. ಅಡುಗೆಮನೆಯಲ್ಲಿ ಅವಳು ಅರ್ಧಕ್ಕೆ ಬಿಟ್ಟ ಪರಸಿಯನ್ನು ಬೇರೆಯವರ ಕೈಲಿ ಕೂರಿಸಲು ಮನಸ್ಸು ಬಂದಿಲ್ಲ. ಕಾಲಿಟ್ಟರೆ ಇನ್ನೂ ಅಲುಗುತ್ತದೆ.