ಚಿಲಕ ಹಾಕಿಕೊಳ್ಳುವ ಬಿಸಿಯಪ್ಪ

ಗೇಮಿಂಗ್ ಕಂಪ್ಯೂಟರಿನ ಮದರ್‌ಬೋರ್ಡು ಎಷ್ಟು ಕರೆಂಟು ಕುಡಿಯುತ್ತದೆ, ಎಷ್ಟು ಕಾಯುತ್ತದೆ ಎಂದು ನೋಡುವುದೇ ಕಂಪ್ಯೂಟರ್ ಅಂಗಡಿಯಲ್ಲಿ ಅವನ ಕೆಲಸ. ಅಂಗಡಿಯವರಿಗೆಲ್ಲ ಅವನು ಬಿಸಿಯಪ್ಪ. ಬೋರ್ಡು ಕೈಗೆ ಬಂದರೆ ಸಾಕು, ಬೈಗುಳ ಶುರು. "ಥೂ ಹೊಟ್ಟೆಬಾಕ! ಆಟ ಶುರುವಾಗೋಕೆ ಮುಂಚೆನೇ ಇಷ್ಟು ಕುಡೀತೀಯಾ?" ಮೀಟರನ್ನು ನಂಬುತ್ತಾನೆ, ಬೋರ್ಡು ತಯಾರಿಸಿದ ಕಂಪನಿಯ ಮಾತನ್ನು ನಂಬುವುದಿಲ್ಲ. ಉಳಿದವರು ಬೋರ್ಡನ್ನು ಮೇಜಿನ ಮೇಲೆ ಬಯಲಿಗಿಟ್ಟು ಪರೀಕ್ಷೆ ಮಾಡಿದರೆ, ಇವನು ಅದನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸಿ, ಕಿಟಕಿ ಮುಚ್ಚಿ, ಕೋಣೆಯ ಫ್ಯಾನು ಆರಿಸಿ, ಬಾಗಿಲಿಗೆ ಚಿಲಕ ಹಾಕಿ, ತಾನೂ ಬೆವರುತ್ತ ಒಳಗೇ ಕೂರುತ್ತಾನೆ. "ಬೆಂದು ಸಾಯ್ತೀಯಪ್ಪಾ, ಬಾಗಿಲಾದ್ರೂ ತೆಗಿ!" ಎಂದು ಮಾಲೀಕ ಹೊರಗಿನಿಂದ ಕೂಗುತ್ತಾನೆ. "ಹುಡುಗ್ರು ಬಾಗಿಲು ತೆಗೆದಿಟ್ಟು ಆಡ್ತಾರಾ ಸಾರ್? ಅಪ್ಪ ಬೈತಾನಂತ ಚಿಲಕ ಹಾಕ್ಕೊಂಡೇ ಆಡೋದು!" ಎಂದು ಇವನು ಒಳಗಿನಿಂದ ಗದರುತ್ತಾನೆ. ಬಿಸಿಯಪ್ಪನ ಮಗನೂ ಹಾಗೇ ಚಿಲಕ ಹಾಕಿಕೊಂಡು ಆಡುತ್ತಿದ್ದಾಗ ಬೋರ್ಡು ಕಾದು ಹೊತ್ತಿಕೊಂಡಿತ್ತು. ಇವನು ಬಾಗಿಲು ಒಡೆಯುವಷ್ಟರಲ್ಲಿ ಹೊಗೆ ಮಗನನ್ನು ಮುಗಿಸಿತ್ತು. ಸುಟ್ಟ ಬೋರ್ಡನ್ನು ಹಿಡಿದು ಕೇಳಲು ಹೋದವನಿಗೆ ಕಂಪನಿಯವರು ಹೇಳಿದ್ದು ಒಂದೇ ಮಾತು: "ನಮ್ಮ ಮೇಜಿನ ಮೇಲೆ ತಣ್ಣಗೇ ಇತ್ತಲ್ಲ."